ಕೂಸಿಗೊಂದು ಕುಲಾವಿ: ಎರಡು ಕಡ್ಡಿಗಳಲ್ಲಿ ಹೆಣೆಯುವ ಕ್ರಮ

ತೊಟ್ಟಿಲ ಕಾರ್ಯಕ್ಕೆ ಅಂಗಡಿಯ ಟೊಪ್ಪಿಗೆಯ ಬದಲು ಕೈಯಾರೆ ಹೆಣೆದ ಕುಲಾವಿಯನ್ನೇ ಕೊಡಬೇಕೆಂಬ ಆಸೆಯಿಂದ ಹೆಣಿಗೆಗೆ ಕೈಹಾಕುವವರು ದಾವಣಗೆರೆ, ಚಿತ್ರದುರ್ಗದ ಕಡೆ ಇಂದಿಗೂ ಇದ್ದಾರೆ. ಅವರೆಲ್ಲರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವ ದಾರ ತರಬೇಕು, ಎಷ್ಟನೇ ನಂಬರಿನ ಕಡ್ಡಿ ಬೇಕು, ಎಷ್ಟು ಕುಣಿಕೆ ಹಾಕಬೇಕು, ಇಷ್ಟು ಬಿಸಿಲಿನ ಊರಿನಲ್ಲಿ ಉಣ್ಣೆಯ ಟೊಪ್ಪಿಗೆ ಕೂಸಿಗೆ ಹಿತವೇ? ಈ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲೆಂದು ಈ ಲೇಖನವನ್ನು ಬರೆಯಲಾಗಿದೆ. ಇಲ್ಲಿ ವಿವರಿಸಿರುವ ಕುಲಾವಿಗೆ ಹಿಂಬದಿಯಲ್ಲಿ ಹೊಲಿಗೆಯಿಲ್ಲ, ಗುಂಡಗೆ ಹೆಣೆಯುವ ಕಡ್ಡಿಗಳೂ ಬೇಕಿಲ್ಲ. ಸೀದಾ ಮತ್ತು ಉಲ್ಟಾ ಎಂಬ ಎರಡೇ ಹೆಣಿಗೆ ಬಂದರೆ ಸಾಕು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎಷ್ಟು ಕುಣಿಕೆ ಎಂಬ ಪ್ರಶ್ನೆಗೆ ಬೇರೆ ಯಾರೂ ನಿಮಗೆ ಖಚಿತವಾದ ಉತ್ತರ ಕೊಡಲಾರರು. ನಿಮ್ಮ ಕೈಯ ಬಿಗಿ, ನಿಮ್ಮ ದಾರ ಮತ್ತು ನಿಮ್ಮ ಕಡ್ಡಿ ಸೇರಿ ಆ ಸಂಖ್ಯೆಯನ್ನು ನಿರ್ಧರಿಸುತ್ತವೆ. ನಾನು ಮುಂದೆ ಕೊಡುವ ಸಂಖ್ಯೆಗಳೂ ಒಂದು ನಿರ್ದಿಷ್ಟ ಅಳತೆಗೆ ಹೊಂದಿಕೊಂಡವುಗಳೇ. ಆ ಅಳತೆ ನಿಮಗೆ ಕೂಡುತ್ತದೆಯೇ ಎಂಬುದನ್ನು ಮೂರನೆಯ ಹಂತದಲ್ಲಿ ನೀವೇ ಪರೀಕ್ಷಿಸಿಕೊಳ್ಳಬೇಕು. ದಯವಿಟ್ಟು ಆ ಹಂತವನ್ನು ಮಾತ್ರ ಬಿಡಬೇಡಿ.

ಬೇಕಾಗುವ ಸಾಮಾನುಗಳು

50 ಗ್ರಾಂ ತೂಕದ, ಒಂದೇ ಬಣ್ಣದ ಎರಡು ಉಂಡೆ ದಾರ, 4 ಮಿ.ಮೀ. ದಪ್ಪದ ಒಂದು ಜೊತೆ ಕಡ್ಡಿ, ದರ್ಜಿಗಳು ಬಳಸುವ ಅಳತೆ ಟೇಪು, ಮೊನೆ ಮೊಂಡಾದ, ದೊಡ್ಡ ಕಣ್ಣಿನ ಸೂಜಿ, ಬಿಟ್ಟುಹೋದ ಕುಣಿಕೆಯನ್ನು ಎತ್ತಲು ಒಂದು ಕ್ರೋಶಾ ಕಡ್ಡಿ, ಕತ್ತರಿ, ಬೇರೆ ಬಣ್ಣದ ಒಂದಿಷ್ಟು ಹೊಲಿಗೆ ನೂಲು, ಎರಡು ಸೇಫ್ಟಿ ಪಿನ್ನು. ಕುಲಾವಿಗೆ ಮತ್ತು ಮಾದರಿ ತುಂಡಿಗೆ ಸೇರಿ ಒಂದು ಉಂಡೆಗಿಂತ ತುಸು ಹೆಚ್ಚು ದಾರ ಬೇಕಾಗಬಹುದು. ಆದ್ದರಿಂದ ಎರಡನ್ನೂ ಒಟ್ಟಿಗೇ ಕೊಳ್ಳಿ. ಉಂಡೆಯ ಪಟ್ಟಿಯ ಮೇಲೆ ಬಣ್ಣದ ಸಂಖ್ಯೆಯ ಪಕ್ಕದಲ್ಲಿ ಲಾಟ್ ಸಂಖ್ಯೆಯೂ ಇರುತ್ತದೆ. ಒಂದೇ ಬಾರಿಗೆ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿದ ದಾರಕ್ಕೆಲ್ಲ ಒಂದೇ ಲಾಟ್ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಬಣ್ಣದ ಸಂಖ್ಯೆ ಒಂದೇ ಆಗಿದ್ದು ಲಾಟ್ ಬೇರೆಯಾಗಿದ್ದರೆ, ಅಂಗಡಿಯ ದೀಪದಲ್ಲಿ ಕಾಣದ ವ್ಯತ್ಯಾಸವು ಹೊರಗಿನ ಬಿಸಿಲಿನಲ್ಲಿ ಪಟ್ಟೆಯಾಗಿ ಕಾಣುತ್ತದೆ.

ಹಂತ 1: ದಾರದ ಆಯ್ಕೆ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯ ಸುತ್ತಲಿನ ಅಂಗಡಿಗಳಲ್ಲಾಗಲಿ, ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲಾಗಲಿ ಉಲನ್ ಎಂದು ಕೇಳಿದರೆ ಕೈಗೆ ಬರುವುದು ಬಹುಮಟ್ಟಿಗೆ ಅಕ್ರಿಲಿಕ್ ದಾರವೇ ಹೊರತು ಕುರಿಯ ಉಣ್ಣೆಯಲ್ಲ. ಅಕ್ರಿಲಿಕ್ ಎಂದರೆ ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ತಯಾರಿಸಿದ, ಉಣ್ಣೆಯಂತೆ ಕಾಣುವ ಎಳೆ. ಅದು ಅಗ್ಗವಾಗಿದೆ, ಬಣ್ಣ ಬಿಡುವುದಿಲ್ಲ, ಎಷ್ಟು ಒಗೆದರೂ ಕುಗ್ಗುವುದಿಲ್ಲ. ಕಲಿಯುವ ಕೈಗೆ ಅದು ಒಳ್ಳೆಯದೇ. ಆದರೆ ಅದು ಬೆವರನ್ನು ಹೀರುವುದಿಲ್ಲ. ನಮ್ಮ ಕಡೆ ಕುಲಾವಿಯ ನಿಜವಾದ ಅಗತ್ಯ ಬೀಳುವುದು ಆಷಾಢದ ಗಾಳಿಯ ದಿನಗಳಲ್ಲಿ ಮತ್ತು ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ. ಹತ್ತು ಗಂಟೆಯ ಹೊತ್ತಿಗೆ ಅದೇ ದಿನ ಬಿಸಿಲೇರುತ್ತದೆ. ಆದ್ದರಿಂದ ಕೂಸಿನ ತಲೆಗೆ ಹತ್ತಿಯ ದಾರ, ಅಥವಾ ಹತ್ತಿ ಮತ್ತು ಅಕ್ರಿಲಿಕ್ ಬೆರೆಸಿದ ದಾರವೇ ಹೆಚ್ಚು ಹಿತವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಪಟ್ಟಿಯ ಮೇಲೆ 8 ಪ್ಲೈ ಅಥವಾ ಡಿಕೆ ಎಂದು ನಮೂದಿಸಿರುವ ದಪ್ಪ ಈ ಕುಲಾವಿಗೆ ಸರಿಹೊಂದುತ್ತದೆ. ಪ್ಲೈ ಎಂದರೆ ಹುರಿ ಮಾಡಿದ ಎಳೆಗಳ ಸಂಖ್ಯೆ. ಆದರೆ ಬೇರೆ ಬೇರೆ ಕಂಪನಿಗಳ ಎಳೆಗಳ ದಪ್ಪವೂ ಬೇರೆಯಾಗಿರುವುದರಿಂದ ಆ ಸಂಖ್ಯೆಯೊಂದನ್ನೇ ನಂಬದೆ, ಪಟ್ಟಿಯ ಮೇಲೆ ಯಾವ ಕಡ್ಡಿಯನ್ನು ಸೂಚಿಸಿದ್ದಾರೆ ಎಂಬುದನ್ನೂ ನೋಡಿ. 4 ಮಿ.ಮೀ. ಎಂದಿದ್ದರೆ ಅದು ನಿಮಗೆ ಬೇಕಾದ ದಾರ.

ಲಡಿ ಲಡಿಯಾಗಿ, ಪಟ್ಟಿಯೇ ಇಲ್ಲದೆ ಮಾರುವ ದಾರ ಏನೆಂದು ತಿಳಿಯಬೇಕಾದರೆ ಒಂದು ಚಿಕ್ಕ ತುಂಡನ್ನು ಚಿಮುಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಹತ್ತಿಯು ಕಾಗದ ಸುಟ್ಟ ವಾಸನೆ ಬೀರುತ್ತ ಬೇಗ ಉರಿದು ಬೂದಿಯಾಗುತ್ತದೆ. ಕುರಿಯ ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೆಂಕಿಯಿಂದ ತೆಗೆದ ಕೂಡಲೇ ಆರುತ್ತದೆ, ಉಳಿದ ಕರಿಯನ್ನು ಬೆರಳಿನಲ್ಲಿ ಪುಡಿಮಾಡಬಹುದು. ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿಯಾದ ಕಪ್ಪು ಮಣಿಯಂತಾಗುತ್ತದೆ. ಈ ಕೊನೆಯ ಗುಣವನ್ನು ಮನಸ್ಸಿನಲ್ಲಿಡಿ. ಎಣ್ಣೆ ಸ್ನಾನದ ನಂತರ ಕೂಸಿನ ತಲೆಗೆ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿ ಹಲವು ಮನೆಗಳಲ್ಲಿದೆ. ಅಂಥ ಹೊತ್ತಿನಲ್ಲಿ ಅಕ್ರಿಲಿಕ್ ಕುಲಾವಿ ಕೂಸಿನ ತಲೆಯ ಮೇಲೆ ಇರಲೇಬಾರದು. ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ನಮ್ಮ ಸೀಮೆಯ ಕುರಿ ಉಣ್ಣೆಯನ್ನೇ ಬಳಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಚಳ್ಳಕೆರೆಯ ಕಂಬಳಿಗೆ ಹೆಸರಿದೆ, ಬಳ್ಳಾರಿ ತಳಿಯ ಕುರಿಗಳು ದಾವಣಗೆರೆಯ ಬಯಲಿನಲ್ಲೂ ಮೇಯುತ್ತವೆ. ಆದರೆ ಈ ಕುರಿಗಳ ಉಣ್ಣೆ ಒರಟು. ಅದರಲ್ಲಿ ಕೂದಲಿನಂಥ ಎಳೆಗಳೇ ಹೆಚ್ಚು. ಅದು ಮಳೆ, ಚಳಿ ತಡೆಯುವ ಕಂಬಳಿಗೆ ಹೇಳಿ ಮಾಡಿಸಿದ ಗುಣ. ಮಗ್ಗಕ್ಕೆ ಹೂಡುವ ಕಂಬಳಿಯ ನೂಲಿಗೆ ಹುಣಸೆ ಬೀಜದ ಸರಿಯನ್ನು ಬಳಿದು ಗಟ್ಟಿಮಾಡುವುದೂ ಉಂಟು. ಕಂಬಳಿಯ ಬಗ್ಗೆ ನನಗೆ ಎಷ್ಟೇ ಅಭಿಮಾನವಿದ್ದರೂ ಕೂಸಿನ ಚರ್ಮಕ್ಕೆ ಆ ಉಣ್ಣೆಯನ್ನು ತಾಗಿಸಲು ನಾನು ಒಪ್ಪುವುದಿಲ್ಲ. ಚೀಲ, ಕೂರುವ ಮಣೆಯ ಹಾಸು ಮುಂತಾದವುಗಳಿಗೆ ಅದನ್ನು ಧಾರಾಳವಾಗಿ ಬಳಸಿ.

ಇನ್ನು ಗಿರಣಿಯ ಕೋನ್ ನೂಲಿನ ವಿಷಯ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ, ಮನೆಯ ಅಟ್ಟದ ಮೇಲೆ ಹಳೆಯ ಕೋನ್ ಸಿಕ್ಕಿತೆಂದು ಹೇಳುವವರು ಇರುತ್ತಾರೆ. ಹತ್ತಿ ನೂಲಿನ ನಂಬರು ಹೆಚ್ಚಿದಷ್ಟೂ ನೂಲು ತೆಳುವಾಗುತ್ತದೆ. 20ನೇ ನಂಬರಿನ ಒಂಟಿ ನೂಲನ್ನು ಈ ಕುಲಾವಿಯ ದಪ್ಪಕ್ಕೆ ತರಬೇಕಾದರೆ ಸುಮಾರು 16 ಎಳೆಗಳನ್ನು ಒಟ್ಟಿಗೆ ಹಿಡಿಯಬೇಕಾಗುತ್ತದೆ. ಅಷ್ಟು ಎಳೆಗಳಲ್ಲಿ ಒಂದಲ್ಲ ಒಂದು ಪ್ರತಿ ಕುಣಿಕೆಯಲ್ಲೂ ಕಡ್ಡಿಗೆ ತಪ್ಪಿ ಹೋಗುವುದರಿಂದ ಹೊಸಬರು ಆ ಗೋಜಿಗೆ ಹೋಗುವುದು ಬೇಡ.

ಹಂತ 2: ಕಡ್ಡಿ

ಅಂಗಡಿಯಲ್ಲಿ ಕಡ್ಡಿ ಕೇಳುವಾಗ ಒಂದು ಗೊಂದಲ ಪದೇ ಪದೇ ಆಗುತ್ತದೆ. ಹಳೆಯ ಬ್ರಿಟಿಷ್ ಪದ್ಧತಿಯ ನಂಬರುಗಳು ನಮ್ಮಲ್ಲಿ ಇನ್ನೂ ಬಳಕೆಯಲ್ಲಿವೆ. ಆ ಪದ್ಧತಿಯಲ್ಲಿ ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣದಾಗುತ್ತದೆ. 8ನೇ ನಂಬರು ಎಂದರೆ 4 ಮಿ.ಮೀ., 10ನೇ ನಂಬರು ಎಂದರೆ 3.25 ಮಿ.ಮೀ. ಮಿಲಿಮೀಟರಿನ ಲೆಕ್ಕದಲ್ಲಿ 8 ಎಂದರೆ ಹೆಬ್ಬೆರಳಿನಷ್ಟಲ್ಲದಿದ್ದರೂ ಬಹಳ ದಪ್ಪನೆಯ ಕಡ್ಡಿ. ಆದ್ದರಿಂದ ಬರಿಯ ಎಂಟು ಎಂದು ಕೇಳದೆ ಮಿಲಿಮೀಟರಿನಲ್ಲಿಯೇ ಕೇಳಿ, ಕಡ್ಡಿಯ ತಲೆಯ ಮೇಲೆ ಅಚ್ಚಾದುದನ್ನು ಓದಿ ನೋಡಿ. ಬೇಸಿಗೆಯಲ್ಲಿ ಕೈ ಬೆವರುವವರಿಗೆ ಲೋಹದ ಕಡ್ಡಿಗಿಂತ ಬಿದಿರಿನ ಕಡ್ಡಿ ಚೆನ್ನಾಗಿ ಹಿಡಿತಕ್ಕೆ ಸಿಗುತ್ತದೆ. ಅದರ ಮೇಲೆ ಕುಣಿಕೆಗಳೂ ಸುಲಭಕ್ಕೆ ಜಾರಿ ಬೀಳುವುದಿಲ್ಲ.

ಹಂತ 3: ಮಾದರಿ ತುಂಡು

ಗೇಜ್ ಎಂಬ ಪದ ಹೆಣಿಗೆಯ ಎಲ್ಲ ಸೂಚನೆಗಳಲ್ಲೂ ಬರುತ್ತದೆ. 10 ಸೆಂ.ಮೀ. ಅಗಲದಲ್ಲಿ ಎಷ್ಟು ಕುಣಿಕೆ, 10 ಸೆಂ.ಮೀ. ಎತ್ತರದಲ್ಲಿ ಎಷ್ಟು ಸಾಲು ಎಂಬುದೇ ಗೇಜ್. ಈ ಕುಲಾವಿಯ ಗೇಜ್ 22 ಕುಣಿಕೆ ಮತ್ತು 30 ಸಾಲು.

32 ಕುಣಿಕೆ ಹಾಕಿ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಹೀಗೆ 40 ಸಾಲು ಹೆಣೆದು ಮುಚ್ಚಿ. ಕುಣಿಕೆ ಹಾಕುವ ಮತ್ತು ಸೀದಾ, ಉಲ್ಟಾ ಹೆಣೆಯುವ ಕ್ರಮ ನಾಲ್ಕನೆಯ ಹಂತದಲ್ಲೂ, ಮುಚ್ಚುವ ಕ್ರಮ ಏಳನೆಯ ಹಂತದಲ್ಲೂ ಇದೆ. ನಂತರ ಕುಲಾವಿಯನ್ನು ಮುಂದೆ ಹೇಗೆ ಒಗೆಯುವಿರೋ ಹಾಗೆಯೇ ಈ ತುಂಡನ್ನೂ ಒಗೆದು, ಎಳೆಯದೆ, ಚಪ್ಪಟೆಯಾಗಿ ಹಾಸಿ ಪೂರ್ತಿ ಒಣಗಿಸಿ. ಒಗೆಯುವ ಮೊದಲೇ ಅಳೆಯುವುದು ಬಹಳ ಮಂದಿ ಮಾಡುವ ತಪ್ಪು. ಹತ್ತಿಯ ಹೆಣಿಗೆ ಮೊದಲ ಒಗೆತದಲ್ಲಿಯೇ ತನ್ನ ನಿಜವಾದ ಅಳತೆಗೆ ಬರುತ್ತದೆ. ಒಣಗಿದ ತುಂಡನ್ನು ಮೇಜಿನ ಮೇಲಿಟ್ಟು, ಅಂಚಿನ ಕುಣಿಕೆಗಳನ್ನು ಬಿಟ್ಟು, ನಡುವಿನ 10 ಸೆಂ.ಮೀ. ಭಾಗದಲ್ಲಿರುವ ಕುಣಿಕೆಗಳನ್ನು ಎಣಿಸಿ. ಅರ್ಧ ಕುಣಿಕೆ ಬಂದರೆ ಅದನ್ನೂ ಬರೆದುಕೊಳ್ಳಿ.

22 ಬಂದರೆ ಮುಂದಿನ ಸಂಖ್ಯೆಗಳು ನಿಮಗೆ ನೇರವಾಗಿ ಅನ್ವಯಿಸುತ್ತವೆ. 20 ಬಂದರೆ ನಿಮ್ಮ ಕೈ ಸಡಿಲ. ಈ ಕುಲಾವಿಗೆ ಹಾಕುವ 66 ಕುಣಿಕೆಗೆ, ಬೇಕಾದ 30 ಸೆಂ.ಮೀ. ಬದಲು 33 ಸೆಂ.ಮೀ. ಅಗಲ ಬಂದು ಕುಲಾವಿ ಕೂಸಿನ ಕಣ್ಣ ಮೇಲೆ ಇಳಿಯುತ್ತದೆ. 24 ಬಂದರೆ ಅದು 27.5 ಸೆಂ.ಮೀ. ಆಗಿ ಕಿವಿ ಮುಚ್ಚುವುದಿಲ್ಲ. ಇಂಥ ಸಂದರ್ಭದಲ್ಲಿ ಬೇಕೆಂದೇ ಬಿಗಿಯಾಗಿ ಅಥವಾ ಸಡಿಲವಾಗಿ ಹೆಣೆಯಲು ಹೋಗಬೇಡಿ, ನಾಲ್ಕು ಸಾಲಿನ ನಂತರ ಕೈ ತನ್ನ ಸಹಜ ಹದಕ್ಕೆ ಮರಳಿಬಿಡುತ್ತದೆ. ಕಡ್ಡಿಯನ್ನೇ ಬದಲಿಸಿ. ಕುಣಿಕೆ ಕಡಿಮೆ ಬಂದರೆ ಸಣ್ಣ ಕಡ್ಡಿ, ಹೆಚ್ಚು ಬಂದರೆ ದಪ್ಪ ಕಡ್ಡಿ. ಬೇರೆ ಕಡ್ಡಿ ಇಲ್ಲದಿದ್ದರೆ ಲೆಕ್ಕವನ್ನು ಬದಲಿಸಬಹುದು. ಬೇಕಾದ ಅಗಲವನ್ನು ನಿಮ್ಮ ಗೇಜಿನಿಂದ ಗುಣಿಸಿ 10ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು 3ರಿಂದ ಭಾಗವಾಗುವ ಹತ್ತಿರದ ಸಂಖ್ಯೆಗೆ ತನ್ನಿ. 24ರ ಗೇಜಿಗೆ 30 ಸೆಂ.ಮೀ. ಬೇಕಾದರೆ 72 ಕುಣಿಕೆ, 20ರ ಗೇಜಿಗೆ 60. ಮೂರರಿಂದ ಏಕೆ ಭಾಗವಾಗಬೇಕು ಎಂಬುದು ಆರನೆಯ ಹಂತದಲ್ಲಿ ತಿಳಿಯುತ್ತದೆ.

ಮಾದರಿ ತುಂಡನ್ನು ಬಿಚ್ಚಬೇಡಿ. ಅದನ್ನು ಅರ್ಧ ತಾಸು ನಿಮ್ಮ ಮೊಣಕೈಯ ಒಳಮಗ್ಗುಲಿಗೆ ತಾಗುವಂತೆ ಕಟ್ಟಿಕೊಂಡು, ತುರಿಕೆ ಬರುವುದೋ ನೋಡಿ. ನಿಮಗೇ ಚುಚ್ಚಿದರೆ ಆ ದಾರ ಕೂಸಿಗೆ ಬೇಡ.

ಅಳತೆಯ ವಿಷಯ ಇನ್ನೊಂದಿಷ್ಟಿದೆ. ಹುಟ್ಟಿದಾಗ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಇರುತ್ತದೆ, ಮೂರು ತಿಂಗಳಿಗೆ ಅದು 40ರ ಆಸುಪಾಸಿಗೂ ಆರು ತಿಂಗಳಿಗೆ 43ರ ಆಸುಪಾಸಿಗೂ ಬರುತ್ತದೆ. ಮೊದಲ ತಿಂಗಳುಗಳಲ್ಲಿ ತಲೆ ಇಷ್ಟು ಬೇಗ ಬೆಳೆಯುವುದರಿಂದ, ಉಡುಗೊರೆಯಾಗಿ ಕೊಡುವವರು ನವಜಾತ ಅಳತೆಯನ್ನು ಬಿಟ್ಟು ಮೂರರಿಂದ ಆರು ತಿಂಗಳ ಅಳತೆಯನ್ನೇ ಹೆಣೆಯುವುದು ವಿವೇಕ. ಮುಂದಿನ ಹಂತಗಳು ಆ ಅಳತೆಗೆ ಸಂಬಂಧಿಸಿವೆ. ನವಜಾತ ಕೂಸಿಗಾದರೆ 57 ಕುಣಿಕೆ ಹಾಕಿ 10 ಸೆಂ.ಮೀ. ಆಳ, ಆರು ತಿಂಗಳು ದಾಟಿದ ಮಗುವಿಗಾದರೆ 72 ಕುಣಿಕೆ ಹಾಕಿ 13 ಸೆಂ.ಮೀ. ಆಳ ಇರಿಸಿ.

ಹಂತ 4: ಕುಣಿಕೆ ಹಾಕುವುದು ಮತ್ತು ಮುಂದಿನ ಅಂಚು

ಕುಲಾವಿಯ ಹೆಣಿಗೆ ಮುಖದ ಅಂಚಿನಿಂದ ಆರಂಭವಾಗುತ್ತದೆ. ಒಂದು ಕಿವಿಯ ಕೆಳಗಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಕೆಳಗಿನವರೆಗೆ ಬರುವ ಅಂಚು ಅದು. ದಾರದ ತುದಿಯಿಂದ ಒಂದು ಮೀಟರಿಗಿಂತ ತುಸು ಹೆಚ್ಚು ಬಾಲ ಬಿಟ್ಟು, ಅಲ್ಲಿ ಜಾರುಗಂಟು ಹಾಕಿ, ಬಾಲವನ್ನು ಹೆಬ್ಬೆರಳಿಗೂ ಉಂಡೆಯ ದಾರವನ್ನು ತೋರುಬೆರಳಿಗೂ ಸುತ್ತಿಕೊಂಡು 66 ಕುಣಿಕೆ ಹಾಕಿ. ಹೊಸಬರು ಇಲ್ಲಿ ಕುಣಿಕೆಗಳನ್ನು ಅತಿ ಬಿಗಿಯಾಗಿ ಹಾಕುತ್ತಾರೆ. ಆಗ ಕುಲಾವಿಯ ಅಂಚು ಕೂಸಿನ ಹಣೆಯ ಮೇಲೆ ಗೆರೆ ಮೂಡಿಸುತ್ತದೆ. ಎರಡೂ ಕಡ್ಡಿಗಳನ್ನು ಜೊತೆಯಾಗಿ ಹಿಡಿದು ಅವುಗಳ ಮೇಲೆ ಕುಣಿಕೆ ಹಾಕಿ, ಕೊನೆಗೆ ಒಂದು ಕಡ್ಡಿಯನ್ನು ಮೆಲ್ಲಗೆ ಎಳೆದುಕೊಂಡರೆ ಅಂಚು ತಾನಾಗಿ ಸಡಿಲವಾಗಿರುತ್ತದೆ.

ಸೀದಾ ಹೆಣಿಗೆಯಲ್ಲಿ ದಾರವು ಹೆಣಿಗೆಯ ಹಿಂದಿರಬೇಕು. ಬಲಗೈ ಕಡ್ಡಿಯ ಮೊನೆಯನ್ನು ಎಡಗೈ ಕಡ್ಡಿಯ ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಮೊನೆಗೆ ದಾರ ಸುತ್ತಿ, ಆ ದಾರವನ್ನು ಕುಣಿಕೆಯೊಳಗಿನಿಂದ ಮುಂದಕ್ಕೆ ಎಳೆದು, ಹಳೆಯ ಕುಣಿಕೆಯನ್ನು ಎಡಗೈ ಕಡ್ಡಿಯಿಂದ ಜಾರಿಸಬೇಕು. ಉಲ್ಟಾ ಹೆಣಿಗೆಯಲ್ಲಿ ದಾರ ಮುಂದಿರುತ್ತದೆ, ಮೊನೆಯು ಬಲಗಡೆಯಿಂದ ಕುಣಿಕೆಯ ಮುಂಭಾಗಕ್ಕೆ ಹೊಗುತ್ತದೆ, ಹೊಸ ಕುಣಿಕೆಯನ್ನು ಹಿಂದಕ್ಕೆ ಎಳೆಯಬೇಕು.

ಮೊದಲ 6 ಸಾಲುಗಳನ್ನು ಪೂರ್ತಿ ಸೀದಾ ಹೆಣೆಯಿರಿ. ಹೀಗೆ ಎಲ್ಲ ಸಾಲೂ ಸೀದಾ ಹೆಣೆದಾಗ ಏರು ಏರಾಗಿ ಮೂಡುವ ಗಟ್ಟಿ ಹೆಣಿಗೆ ಸುರುಳಿಯಾಗುವುದಿಲ್ಲ. ಅದಕ್ಕಾಗಿಯೇ ಅಂಚಿಗೆ ಅದು ಬೇಕು. ಇಲ್ಲಿ ಕುಣಿಕೆಗಳನ್ನು ಎಣಿಸಿ. 66 ಇಲ್ಲದೆ 67 ಅಥವಾ 68 ಇದ್ದರೆ, ಸಾಲಿನ ಮೊದಲ ಕುಣಿಕೆಯನ್ನು ಹೆಣೆಯುವಾಗ ದಾರವು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿ ಒಂದೇ ಕುಣಿಕೆ ಎರಡಾಗಿ ಕಂಡಿರುತ್ತದೆ. ಕಲಿಯುವವರಲ್ಲಿ ಇದಕ್ಕಿಂತ ಸಾಮಾನ್ಯವಾದ ತಪ್ಪು ಇನ್ನೊಂದಿಲ್ಲ. ಪ್ರತಿ ಸಾಲನ್ನು ಆರಂಭಿಸುವ ಮೊದಲು ದಾರವನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ಸರಿಸಿಕೊಂಡರೆ ಅದು ತಪ್ಪುತ್ತದೆ.

ಹಂತ 5: ನೆತ್ತಿ ಮತ್ತು ಕಿವಿಯ ಭಾಗ

ಏಳನೆಯ ಸಾಲಿನಿಂದ ಒಂದು ಸಾಲು ಸೀದಾ, ಮುಂದಿನ ಸಾಲು ಉಲ್ಟಾ ಹೆಣೆಯಿರಿ. ಸೀದಾ ಹೆಣೆಯುವಾಗ ನಿಮಗೆ ಎದುರಾಗುವ ಮಗ್ಗುಲೇ ಕುಲಾವಿಯ ಮೇಲ್ಮೈ. ಆ ಮಗ್ಗುಲಿಗೆ ಒಂದು ಸೇಫ್ಟಿ ಪಿನ್ನು ಚುಚ್ಚಿ ಗುರುತಿಟ್ಟುಕೊಳ್ಳಿ. ಹೀಗೆ 32 ಸಾಲು ಹೆಣೆದರೆ ಅಂಚೂ ಸೇರಿ ಸುಮಾರು 12 ಸೆಂ.ಮೀ. ಆಳವಾಗುತ್ತದೆ. ಕೊನೆಯ ಸಾಲು ಉಲ್ಟಾ ಆಗಿರಬೇಕು.

ಬಸ್ಸಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ಹೆಣೆಯಲು ಈ ಭಾಗ ಬಹಳ ಅನುಕೂಲ. ಸಾಲಿನ ನಡುವೆ ಬಿಟ್ಟು ಏಳಬೇಡಿ. ಏಳಲೇಬೇಕಾದರೆ, ಮರಳಿ ಬಂದಾಗ ಉಂಡೆಯಿಂದ ಬರುವ ದಾರ ಬಲಗೈ ಕಡ್ಡಿಯಿಂದ ಇಳಿಯುತ್ತಿರಬೇಕು ಎಂಬುದನ್ನು ನೆನಪಿಡಿ. ಅದು ಎಡಗೈ ಕಡ್ಡಿಯ ಕಡೆಗಿದ್ದರೆ ನೀವು ತಿರುಗಿ ಬಂದ ದಾರಿಯಲ್ಲೇ ಹೆಣೆಯತೊಡಗಿ, ಒಂದು ಬದಿಯಲ್ಲಿ ಎರಡು ಸಾಲು ಹೆಚ್ಚಾಗಿ ತೂತು ಬೀಳುತ್ತದೆ. ಮಂಡಕ್ಕಿ, ಮೆಣಸಿನಕಾಯಿ ತಿಂದ ಕೈಯನ್ನು ಸೋಪು ಹಾಕಿ ತೊಳೆಯದೆ ಹೆಣಿಗೆ ಮುಟ್ಟಬೇಡಿ. ತಿಳಿಬಣ್ಣದ ಹತ್ತಿಗೆ ಎಣ್ಣೆಯ ಕಲೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ.

ಕುಣಿಕೆ ಕಡ್ಡಿಯಿಂದ ಬಿದ್ದು ಕೆಳಕ್ಕೆ ಜಾರಿದರೆ ಗಾಬರಿಯಾಗಬೇಕಿಲ್ಲ. ಮೇಲ್ಮೈಯನ್ನು ನಿಮ್ಮ ಕಡೆಗೆ ತಿರುಗಿಸಿ, ಕ್ರೋಶಾ ಕಡ್ಡಿಯನ್ನು ಬಿದ್ದ ಕುಣಿಕೆಯೊಳಗೆ ತೂರಿಸಿ, ಅದರ ಮೇಲೆ ಏಣಿಯ ಮೆಟ್ಟಿಲಿನಂತೆ ಕಾಣುವ ಅಡ್ಡದಾರಗಳಲ್ಲಿ ಕೆಳಗಿನದನ್ನು ಮೊದಲು ಹಿಡಿದು ಕುಣಿಕೆಯೊಳಗಿನಿಂದ ಎಳೆಯಿರಿ. ಹೀಗೆ ಒಂದೊಂದಾಗಿ ಮೇಲೇರಿ ಕುಣಿಕೆಯನ್ನು ಕಡ್ಡಿಗೆ ಮರಳಿಸಿ.

ಹಂತ 6: ಹಿಂದಲೆಯನ್ನು ತಿರುಗಿಸುವುದು

ಓದುವಾಗ ಕಠಿಣವೆನಿಸುವ ಹಂತ ಇದೊಂದೇ. ಕಡ್ಡಿಯ ಮೇಲೆ ಹೆಣಿಗೆ ಇಟ್ಟುಕೊಂಡು ಒಂದೊಂದೇ ವಾಕ್ಯವನ್ನು ಓದುತ್ತ ಮಾಡಿದರೆ ಅಷ್ಟೇನೂ ಕಷ್ಟವಿಲ್ಲ. ಅದಕ್ಕೂ ಮೊದಲು ದೊಡ್ಡ ಸೂಜಿಗೆ ಬೇರೆ ಬಣ್ಣದ ಹೊಲಿಗೆ ನೂಲನ್ನು ಪೋಣಿಸಿ, ಕಡ್ಡಿಯ ಮೇಲಿರುವ ಎಲ್ಲ 66 ಕುಣಿಕೆಗಳೊಳಗಿನಿಂದ ಅದನ್ನು ದಾಟಿಸಿ ಬಿಡಿ. ಮುಂದೆ ಏನು ತಪ್ಪಾದರೂ ಹೆಣಿಗೆಯನ್ನು ಧೈರ್ಯವಾಗಿ ಬಿಚ್ಚಬಹುದು. ಬಿಚ್ಚಿದ್ದು ಈ ನೂಲಿನ ಬಳಿಗೆ ಬಂದು ನಿಲ್ಲುತ್ತದೆ.

66 ಕುಣಿಕೆಗಳನ್ನು 22ರಂತೆ ಮೂರು ಪಾಲು ಎಂದು ಭಾವಿಸಿ. ನಡುವಿನ ಪಾಲು ಹಿಂದಲೆಯ ಪಟ್ಟಿಯಾಗಿ ಬೆಳೆಯುತ್ತದೆ. ಬೆಳೆಯುತ್ತಾ ಸಾಲಿಗೊಂದರಂತೆ ಅಕ್ಕಪಕ್ಕದ ಪಾಲಿನ ಕುಣಿಕೆಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಹೊಲಿಗೆಯಿಲ್ಲದೆ ಮೂಲೆ ಕೂಡುವುದು ಹೀಗೆ.

ಮೊದಲ ಸಾಲಿನಲ್ಲಿ, ಮೇಲ್ಮೈ ನಿಮ್ಮ ಕಡೆಗಿರುವಾಗ, 43 ಕುಣಿಕೆಗಳನ್ನು ಸೀದಾ ಹೆಣೆಯಿರಿ. ಅಂದರೆ ಮೊದಲ ಪಾಲಿನ 22 ಮತ್ತು ನಡುವಿನ ಪಾಲಿನ 21. ಈಗ ನಡುವಿನ ಪಾಲಿನ ಕೊನೆಯ ಕುಣಿಕೆಯನ್ನೂ ಎಡ ಪಾಲಿನ ಮೊದಲ ಕುಣಿಕೆಯನ್ನೂ ಒಟ್ಟಿಗೆ ಹಿಡಿದು, ಕಡ್ಡಿಯನ್ನು ಕುಣಿಕೆಗಳ ಹಿಂಬದಿಯ ಎಳೆಗಳೊಳಗೆ ತೂರಿಸಿ, ಎರಡನ್ನೂ ಒಂದಾಗಿ ಸೀದಾ ಹೆಣೆಯಿರಿ. ಎಡಗೈ ಕಡ್ಡಿಯ ಮೇಲೆ ಇನ್ನೂ 21 ಕುಣಿಕೆ ಉಳಿದಿರುತ್ತವೆ. ಅವುಗಳನ್ನು ಹಾಗೆಯೇ ಬಿಟ್ಟು ಹೆಣಿಗೆಯನ್ನು ತಿರುಗಿಸಿ.

ಎರಡನೆಯ ಸಾಲಿನಲ್ಲಿ ಮೊದಲ ಕುಣಿಕೆಯನ್ನು ಹೆಣೆಯದೆ ಬಲಗೈ ಕಡ್ಡಿಗೆ ದಾಟಿಸಿ, ದಾರವನ್ನು ತುಸು ಬಿಗಿಮಾಡಿ, 20 ಕುಣಿಕೆ ಉಲ್ಟಾ ಹೆಣೆದು, ಮುಂದಿನ ಎರಡನ್ನು ಸೇರಿಸಿ ಒಂದಾಗಿ ಉಲ್ಟಾ ಹೆಣೆದು, ಮತ್ತೆ ತಿರುಗಿಸಿ. ಮೂರನೆಯ ಸಾಲಿನಲ್ಲಿ ಒಂದು ಕುಣಿಕೆಯನ್ನು ದಾಟಿಸಿ, 20 ಸೀದಾ ಹೆಣೆದು, ಎರಡನ್ನು ಹಿಂಬದಿಯಿಂದ ಸೇರಿಸಿ ಹೆಣೆದು ತಿರುಗಿಸಿ. ಎರಡನೆಯ ಮತ್ತು ಮೂರನೆಯ ಸಾಲುಗಳನ್ನು ಹೀಗೆಯೇ ಒಂದಾದ ಮೇಲೊಂದು ಮಾಡುತ್ತ ಹೋದರೆ, ಒಟ್ಟು 44 ಸಾಲು ಮುಗಿಯುವ ಹೊತ್ತಿಗೆ ಅಕ್ಕಪಕ್ಕದ ಪಾಲುಗಳೆಲ್ಲ ತೀರಿ ನಡುವಿನ 22 ಕುಣಿಕೆ ಮಾತ್ರ ಉಳಿಯುತ್ತವೆ. ಬೇರೆ ಅಳತೆಯವರು 20ರ ಬದಲು ತಮ್ಮ ನಡುವಿನ ಪಾಲಿಗಿಂತ ಎರಡು ಕಡಿಮೆ ಸಂಖ್ಯೆಯನ್ನು ಇಟ್ಟುಕೊಳ್ಳಬೇಕು. ನವಜಾತ ಕೂಸಿನ ಅಳತೆಗೆ ಅದು 17.

ಎಲ್ಲಿ ತಿರುಗಬೇಕು ಎಂಬುದನ್ನು ಪ್ರತಿ ಸಾಲಿನಲ್ಲಿ ಎಣಿಸುವ ಅಗತ್ಯ ಬೀಳುವುದಿಲ್ಲ. ಹಿಂದಿನ ಬಾರಿ ತಿರುಗಿದ ಜಾಗದಲ್ಲಿ ಎರಡು ಕುಣಿಕೆಗಳ ನಡುವೆ ಒಂದು ಸಣ್ಣ ಅಂತರ ಕಾಣುತ್ತದೆ. ಆ ಅಂತರದ ಆಚೆಗಿನದನ್ನೂ ಈಚೆಗಿನದನ್ನೂ ಸೇರಿಸಿ ಹೆಣೆಯುವುದೇ ನಿಯಮ. ಪಟ್ಟಿಯ ಅಗಲ ಯಾವ ಹೊತ್ತಿಗೂ 22 ಕುಣಿಕೆಗಿಂತ ಹೆಚ್ಚೂ ಕಡಿಮೆಯೂ ಆಗಬಾರದು. ಆಗಿದ್ದರೆ ಒಂದು ಸಾಲಿನ ಕೊನೆಯಲ್ಲಿ ಎರಡನ್ನು ಸೇರಿಸಲು ಮರೆತಿದ್ದೀರಿ, ಅಥವಾ ಅಂತರಕ್ಕೆ ಮೊದಲೇ ಸೇರಿಸಿದ್ದೀರಿ. ತಿರುಗುವ ಕಡೆ ತೂತುಗಳು ಸಾಲಾಗಿ ಕಂಡರೆ, ದಾಟಿಸಿದ ಕುಣಿಕೆಯ ನಂತರ ದಾರವನ್ನು ಬಿಗಿಮಾಡಿಲ್ಲವೆಂದು ಅರ್ಥ. ಪಟ್ಟಿಯ ಸಾಲುಗಳು ಬದಿಯ ಕುಣಿಕೆಗಳಿಗಿಂತ ಉದ್ದವಾಗಿರುವುದರಿಂದ ಹಿಂಭಾಗವು ಬಟ್ಟಲಿನಂತೆ ಉಬ್ಬುತ್ತದೆ. ಅದು ದೋಷವಲ್ಲ, ಕೂಸಿನ ಹಿಂದಲೆ ಕೂರಬೇಕಾದುದೇ ಆ ಉಬ್ಬಿನಲ್ಲಿ.

ಕತ್ತಲಾದ ಮೇಲೆ, ವಿಶೇಷವಾಗಿ ಗಾಢ ಬಣ್ಣದ ದಾರದಲ್ಲಿ, ಈ ಹಂತವನ್ನು ಮಾಡಬೇಡಿ. ಹಗಲು ಬೆಳಕಿನಲ್ಲಿ ಒಂದೇ ಕೂರಿಕೆಯಲ್ಲಿ ಮುಗಿಸಿದರೆ ಕೆಲಸ ಹಸನಾಗುತ್ತದೆ.

ಹಂತ 7: ಕುತ್ತಿಗೆಯ ಪಟ್ಟಿ ಮತ್ತು ಕಟ್ಟುವ ದಾರ

ದಾರವನ್ನು ಕತ್ತರಿಸಿ. ಮೇಲ್ಮೈ ನಿಮ್ಮ ಕಡೆಗಿರುವಂತೆ, ಕೆಳ ಅಂಚು ಮೇಲಕ್ಕೆ ಬರುವಂತೆ ಹಿಡಿದು, ಬಲತುದಿಯಿಂದ ಹೊಸದಾಗಿ ದಾರ ಸೇರಿಸಿ. ಕುಲಾವಿಯ ಬದಿಯ ಅಂಚಿನಲ್ಲಿ ಕಡ್ಡಿ ತೂರಿಸಿ, ದಾರವನ್ನು ಕುಣಿಕೆಯಾಗಿ ಹೊರಗೆಳೆಯುತ್ತ 24 ಹೊಸ ಕುಣಿಕೆ ಎತ್ತಿಕೊಳ್ಳಿ. ಅಂಚಿನ ಏರು ಒಂದಕ್ಕೆ ಒಂದು ಕುಣಿಕೆ, ಉಳಿದ ಕಡೆ ಮೂರು ಸಾಲಿಗೆ ಎರಡು ಕುಣಿಕೆಯಂತೆ ಎತ್ತಿದರೆ ಲೆಕ್ಕ ಸರಿಹೋಗುತ್ತದೆ. ಸಾಲಿಗೊಂದರಂತೆ ಎತ್ತಿದರೆ ಪಟ್ಟಿ ಅಲೆ ಅಲೆಯಾಗಿ ನಿಲ್ಲುತ್ತದೆ. ಹಿಂದಲೆಯ 22 ಕುಣಿಕೆಗೆ ಬಂದಾಗ, ಒಂದು ಸೀದಾ, ನಂತರ ಎರಡನ್ನು ಸೇರಿಸಿ ಒಂದು, ಹೀಗೆ ಏಳು ಬಾರಿ ಮಾಡಿ, ಉಳಿದ ಒಂದನ್ನು ಸೀದಾ ಹೆಣೆದರೆ 15 ಉಳಿಯುತ್ತವೆ. ಇನ್ನೊಂದು ಬದಿಯಲ್ಲೂ 24 ಎತ್ತಿ. ಒಟ್ಟು 63.

ಈಗ ಒಂದು ಉಲ್ಟಾ, ಒಂದು ಸೀದಾ, ಹೀಗೆ ಸಾಲಿನ ಕೊನೆಯವರೆಗೂ ಹೆಣೆಯಿರಿ. ಮುಂದಿನ ಸಾಲಿನಲ್ಲಿ ಒಂದು ಸೀದಾ, ಒಂದು ಉಲ್ಟಾ. ಈ ರಿಬ್ ಹೆಣಿಗೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಆರು ಸಾಲಾದ ಮೇಲೆ ಮುಚ್ಚಿ. ಎರಡು ಕುಣಿಕೆ ಹೆಣೆದು ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬೀಳಿಸುವುದು, ಮತ್ತೊಂದು ಹೆಣೆದು ಅದೇ ರೀತಿ ಮಾಡುವುದು, ಹೀಗೆ ಕೊನೆಯವರೆಗೆ. ಕೈ ಸಡಿಲವಾಗಿರಲಿ.

ಕಟ್ಟುವ ದಾರಕ್ಕೆ 40 ಕುಣಿಕೆ ಹಾಕಿ, ಮರುಸಾಲಿನಲ್ಲೇ ಎಲ್ಲವನ್ನೂ ಮುಚ್ಚಿದರೆ ಸುಮಾರು 18 ಸೆಂ.ಮೀ. ಉದ್ದದ ಕಿರುಪಟ್ಟಿ ಸಿಗುತ್ತದೆ. ಅಂಥವು ಎರಡು ಬೇಕು. ಒಂದು ಗೇಣನ್ನು ಮೀರಿದ ದಾರ ಬೇಡ, ಉದ್ದವಾದದ್ದು ಕೂಸಿನ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ನೋಡಲು ಚೆಂದವೆಂದು ಮಣಿ, ಗುಂಡಿ, ದಾರದ ಕುಚ್ಚುಗಳನ್ನು ಹಚ್ಚಬೇಡಿ. ಕಿತ್ತು ಬಂದರೆ ಅವು ನೇರವಾಗಿ ಬಾಯಿಗೆ ಹೋಗುತ್ತವೆ. ಕಿರುಪಟ್ಟಿಗಳನ್ನು ಒಳಬದಿಯಿಂದ ಹಲವು ಬಾರಿ ಸೂಜಿ ಹಾಯಿಸಿ ಭದ್ರಪಡಿಸಿ, ಎಳೆದು ಪರೀಕ್ಷಿಸಿ. ಉಳಿದ ದಾರದ ತುದಿಗಳನ್ನು ಒಳಮಗ್ಗುಲಿನ ಕುಣಿಕೆಗಳಲ್ಲಿ ಒಂದು ದಿಕ್ಕಿಗೆ, ಮತ್ತೆ ಅದರ ವಿರುದ್ಧ ದಿಕ್ಕಿಗೆ ಹಾಯಿಸಿ ಕತ್ತರಿಸಿ. ಗಂಟು ಹಾಕಬೇಡಿ, ಅದು ಮಲಗಿದ ತಲೆಗೆ ಒತ್ತುತ್ತದೆ. ಕೊನೆಯಲ್ಲಿ ಆರನೆಯ ಹಂತದ ರಕ್ಷಣೆಯ ನೂಲನ್ನು ಎಳೆದು ತೆಗೆಯಿರಿ, ಸೇಫ್ಟಿ ಪಿನ್ನುಗಳು ಎರಡೂ ಕೈಗೆ ಬಂದವೇ ಎಂದು ನೋಡಿಕೊಳ್ಳಿ.

ಹಂತ 8: ಒಗೆತ, ಬಳಕೆ, ಜೋಪಾನ

ಕೂಸಿಗೆ ತೊಡಿಸುವ ಮೊದಲು ಒಮ್ಮೆ ಒಗೆಯಲೇಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಸೋಪು ಆ ನೀರಿನಲ್ಲಿ ಕರಗದ ಕೆನೆಯಂತಾಗಿ ಎಳೆಗಳ ನಡುವೆ ಕೂತು, ಒಣಗಿದ ಮೇಲೆ ಕುಲಾವಿಯನ್ನು ಬಿರುಸಾಗಿಸುತ್ತದೆ. ಬಾರ್ ಸೋಪಿನ ಬದಲು ಮೃದುವಾದ ದ್ರವ ಡಿಟರ್ಜೆಂಟನ್ನು ಅತಿ ಕಡಿಮೆ ಪ್ರಮಾಣದಲ್ಲಿ ಬಳಸಿ, ಕೊನೆಯ ಜಾಲಾಟಕ್ಕೆ ಸಿಹಿನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹಾಸಿ ಒಣಗಿಸಿ. ಅಕ್ರಿಲಿಕ್ ಇದ್ದರೆ ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿರಕ್ಕೂ ತರಬೇಡಿ. ಬಿಸಿಗೆ ಅದರ ಹೆಣಿಗೆ ಚಪ್ಪಟೆಯಾಗಿ, ಮತ್ತೆಂದೂ ಪುಟಿಯುವುದಿಲ್ಲ.

ಕೂಸು ತಲೆಯ ಮೂಲಕ ಮೈಯ ಬಿಸಿಯನ್ನು ಬಹಳಷ್ಟು ಹೊರಹಾಕುತ್ತದೆ. ಹೀಗಾಗಿ ಮನೆಯೊಳಗೆ ಮಲಗಿಸುವಾಗ ಕುಲಾವಿಯನ್ನು ತೆಗೆಯಬೇಕು. ತಿಂಗಳು ತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸಿನ ವಿಷಯದಲ್ಲಿ ಮಾತ್ರ ವೈದ್ಯರು ಹೇಳಿದಂತೆ ನಡೆಯಿರಿ. ಹೊರಗೆ ಗಾಳಿಯಲ್ಲಿ ಕರೆದೊಯ್ಯುವಾಗ ತೊಡಿಸಿ. ಕುತ್ತಿಗೆಯ ಹಿಂಭಾಗ ಮುಟ್ಟಿದಾಗ ಬೆವರಿನ ಒದ್ದೆ ಸಿಕ್ಕರೆ ತೆಗೆದುಬಿಡಿ.

ಚಳಿಗಾಲ ಕಳೆದ ಮೇಲೆ ಕುಲಾವಿಯನ್ನು ಒಗೆದು, ಪೂರ್ತಿ ಒಣಗಿಸಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿ ತಿನ್ನುವುದು ಕುರಿಯ ಉಣ್ಣೆಯನ್ನು. ಶುದ್ಧವಾಗಿರುವ ಹತ್ತಿ, ಅಕ್ರಿಲಿಕ್‌ಗೆ ಅದರ ಕಾಟ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕಾಗಿ ನುಸಿಗುಳಿಗೆಯ ಅಗತ್ಯವೂ ಇಲ್ಲ. ಅಗತ್ಯವಿಲ್ಲದಿರುವುದಷ್ಟೇ ಅಲ್ಲ, ಎಳೆಗೂಸಿನ ಬಟ್ಟೆಯ ಜೊತೆ ನ್ಯಾಫ್ತಲೀನ್ ಗುಳಿಗೆ ಇಡುವುದು ಅಪಾಯಕಾರಿ. ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಿಗೆ ಅದರ ಆವಿ ತಾಗಿದರೆ ಕೆಂಪು ರಕ್ತಕಣಗಳು ಒಡೆದು ತೀವ್ರವಾದ ಕಾಮಾಲೆ, ರಕ್ತಹೀನತೆ ಉಂಟಾಗುತ್ತದೆ. ಆ ಕೊರತೆ ಇದೆಯೆಂಬುದು ಬಹಳ ಮನೆಗಳಲ್ಲಿ ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ಗುಳಿಗೆಯ ವಾಸನೆ ಹತ್ತಿದ ಪೆಟ್ಟಿಗೆಯಿಂದ ತೆಗೆದ ಹಳೆಯ ಕುಲಾವಿ, ಕುಂಚಿಗೆ, ದುಪ್ಪಟಿಗಳನ್ನು ಚೆನ್ನಾಗಿ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಹರವಿದ ಮೇಲಷ್ಟೇ ಕೂಸಿಗೆ ಬಳಸಿ. ಪೆಟ್ಟಿಗೆಯಲ್ಲಿ ಏನಾದರೂ ಇಡಲೇಬೇಕೆನಿಸಿದರೆ ಒಣಗಿದ ಬೇವಿನ ಎಲೆಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಡಿ. ಮಾದರಿ ತುಂಡನ್ನು, ದಾರದ ಪಟ್ಟಿಯನ್ನು, ನೀವು ಬಳಸಿದ ಕಡ್ಡಿ ಮತ್ತು ಕುಣಿಕೆಗಳ ಸಂಖ್ಯೆ ಬರೆದ ಚೀಟಿಯನ್ನು ಒಟ್ಟಿಗೆ ಪಿನ್ನು ಹಾಕಿ ಬೇರೆಡೆ ತೆಗೆದಿರಿಸಿ. ಮುಂದಿನ ಅಳತೆಯ ಕುಲಾವಿಯನ್ನು ಹೆಣೆಯುವಾಗ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸಬಹುದು.